ಡ್ವಾರ್ಫ್ ಮಂತ್ರ ಕಲಿಯಬಾರದೇಕೆ?

ಪ್ರಶ್ನೆ: ಗಂಗಾವತಿಯಲ್ಲಿ ನಾವು ಐದು ಜನ ಪ್ರತಿ ಭಾನುವಾರ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಕಥೆ ಹೇಳುತ್ತ ಆಟ ನಡೆಸುವವನು ನಾನು, ಉಳಿದವರು ಒಂದೊಂದು ಪಾತ್ರ. 1981ರ ಹಳೆಯ ನಿಯಮಗಳೇ ನಮಗೆ ಹಿಡಿಸಿವೆ. ಪಿಯುಸಿ ಓದುತ್ತಿರುವ ಚಿಕ್ಕಪ್ಪನ ಮಗಳು ಈಗ ಹೊಸದಾಗಿ ಸೇರಿದ್ದಾಳೆ. ಅವಳಿಗೆ ಮಂತ್ರ ಬಲ್ಲ ಡ್ವಾರ್ಫ್ (ಗಡ್ಡದ, ಗಟ್ಟಿಮುಟ್ಟಾದ ಕುಳ್ಳ ಜೀವ) ಆಗಬೇಕಂತೆ. ಪುಸ್ತಕದಲ್ಲಿ ಡ್ವಾರ್ಫ್‌ಗೆ ಮಂತ್ರವೇ ಇಲ್ಲ. ‘ಇವತ್ತು ಇದನ್ನು ಬಿಟ್ಟರೆ ನಾಳೆ ಯಾರು ಏನು ಬೇಕಾದರೂ ಆಗುತ್ತಾರೆ’ ಎಂದು ನಮ್ಮಲ್ಲಿ ಹಿರಿಯರಾದ ಗೆಳೆಯರೊಬ್ಬರ ತಕರಾರು. ಇನ್ನೊಬ್ಬನ ಹಾಫ್ಲಿಂಗ್ (ಮನುಷ್ಯನ ಅರ್ಧ ಎತ್ತರದ ಪುಟ್ಟ ಜೀವ), ಪಾತ್ರ ಅನುಭವ ಗಳಿಸುತ್ತ ಏರುವ ಮೆಟ್ಟಿಲುಗಳಲ್ಲಿ ಎಂಟನೆಯ ಲೆವೆಲ್‌ಗೆ ಬಂದು ನಿಂತುಬಿಟ್ಟಿದೆ, ನಿಯಮದ ಪ್ರಕಾರ ಅದಕ್ಕೆ ಮುಂದೆ ದಾರಿಯಿಲ್ಲ. ಅವನು ಮೂರು ವಾರದಿಂದ ಬಂದಿಲ್ಲ. ಈ ನಿರ್ಬಂಧಗಳನ್ನು ಯಾಕೆ ಮಾಡಿದರು? ಇಟ್ಟುಕೊಳ್ಳಬೇಕೋ, ಬಿಡಬೇಕೋ?

ಉತ್ತರ: ನಿಮ್ಮ ತಂಗಿಗೆ ‘ಆಗಲಿ’ ಎನ್ನಿ, ಆದರೆ ಪುಕ್ಕಟೆಯಾಗಿ ಕೊಡಬೇಡಿ. ಹಾಫ್ಲಿಂಗ್‌ನ ಎಂಟರ ಗೆರೆಯನ್ನು ಈ ಭಾನುವಾರವೇ ಅಳಿಸಿ, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಎರಡೂ ಅಕ್ಕಪಕ್ಕದ ನಿಯಮಗಳಂತೆ ಕಾಣುತ್ತವೆ. ಆದರೆ ಒಂದರ ಹಿಂದೆ ಒಂದು ಲೋಕವಿದೆ, ಇನ್ನೊಂದರ ಹಿಂದೆ ಬರಿಯ ಲೆಕ್ಕವಿದೆ, ಅದೂ ಕೈಕೊಟ್ಟ ಲೆಕ್ಕ.

ಅಲ್ಲಿಗೆ ಹೋಗುವ ಮುನ್ನ ನಮ್ಮ ಮೇಜಿನ ಒಂದು ಸಂಗತಿ. ಬಳ್ಳಾರಿಯಲ್ಲಿ ನಾವು ಆಟ ಶುರು ಮಾಡಿದ ಹೊಸತರಲ್ಲಿ ಪಾತ್ರದ ವಿವರ ಬರೆಯುವ ಹಾಳೆಯನ್ನು ಕನ್ನಡದಲ್ಲೇ ಮಾಡಿಸೋಣ ಎಂದು ನಾನು ಉತ್ಸಾಹದಿಂದ ಕೂತೆ. ಕ್ಲಾಸ್ ಎಂಬುದಕ್ಕೆ ‘ಕಸುಬು’ ಎಂದು ಬರೆದೆ, ಚೆನ್ನಾಗಿ ಕೂತಿತು. ರೇಸ್ ಎಂಬುದಕ್ಕೆ ನಿಘಂಟು ನೋಡದೆ ‘ಜಾತಿ’ ಎಂದು ಹಾಕಿ ಝೆರಾಕ್ಸ್ ಮಾಡಿಸಿಬಿಟ್ಟೆ. ಭಾನುವಾರ ಸಂಜೆ ಹಾಳೆ ಹಂಚಿದೆ. ಒಗ್ಗರಣೆ ಮಂಡಕ್ಕಿಯ ತಟ್ಟೆ ಪಕ್ಕಕ್ಕೆ ಸರಿಸಿ, ಎಣ್ಣೆಗೈ ಒರೆಸಿಕೊಂಡು ಪೆನ್ನು ಹಿಡಿದ ಹುಡುಗನೊಬ್ಬ ಆ ಖಾನೆಯ ಮೇಲೆ ಪೆನ್ನು ನಿಲ್ಲಿಸಿ ಕೇಳಿದ: “ಅಣ್ಣಾ, ಇಲ್ಲಿ ಯಾರದ್ದು ಬರೆಯಬೇಕು? ಪಾತ್ರದ್ದೋ, ನನ್ನದೋ?” ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹಾಳೆ ಹರಿದೆವು. ‘ಕುಲ’ ಎಂದು ಬದಲಿಸೋಣವೆಂದರೆ ಅದೂ ಅದೇ ಬಾವಿ. ‘ಜನ’ ಎಂದರೆ, ‘ನೀವು ಯಾವ ಜನ?’ ಎಂದು ಊರಲ್ಲಿ ಕೇಳುವುದು ಯಾವುದಕ್ಕೆಂದು ನಿಮಗೆ ಗೊತ್ತೇ ಇದೆ. ‘ಪೈಕಿ’, ‘ಮಂದಿ’ ಯಾವುದನ್ನು ಮುಟ್ಟಿದರೂ ಕನ್ನಡ ನಮ್ಮನ್ನು ಅದೇ ಬಾಗಿಲಿಗೆ ತಂದು ನಿಲ್ಲಿಸಿತು. ಕೊನೆಗೆ ‘ಜೀವ’ ಎಂದು ಬರೆದೆವು. ಜೀವ: ಡ್ವಾರ್ಫ್. ಕಸುಬು: ಕಳ್ಳ. ಈ ಉತ್ತರದಲ್ಲೂ ಅವೇ ಪದಗಳನ್ನು ಬಳಸುತ್ತೇನೆ. ಆಟದ ಪ್ರಕಾಶಕರೇ 2024ರ ಆವೃತ್ತಿಯಲ್ಲಿ ರೇಸ್ ಎಂಬ ಪದ ಬಿಟ್ಟು ಸ್ಪೀಶೀಸ್ (ಪ್ರಭೇದ) ಎಂದು ಬದಲಿಸಿದಾಗ ನಮ್ಮ ಮೇಜಿನಲ್ಲಿ ಸಣ್ಣದೊಂದು ಜಂಬ ಹುಟ್ಟಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಇದನ್ನು ಯಾಕೆ ಹೇಳಿದೆನೆಂದರೆ, ‘ಇಂಥ ಹೊಟ್ಟೆಯಲ್ಲಿ ಹುಟ್ಟಿದವರು ಇಂಥ ವಿದ್ಯೆ ಕಲಿಯುವಂತಿಲ್ಲ’ ಎಂಬ ವಾಕ್ಯ ಅಮೆರಿಕದ ಮೇಜಿನಲ್ಲಿ ಕೇಳಿಸುವಂತೆ ನಮ್ಮ ಮೇಜಿನಲ್ಲಿ ಕೇಳಿಸುವುದಿಲ್ಲ. ನಿಮ್ಮ ತಂಗಿ ಮಂತ್ರ ಕೇಳಿದ್ದು ಆಟಕ್ಕಾಗಿಯೋ, ಆ ವಾಕ್ಯಕ್ಕೆ ಎದುರಾಗಿಯೋ, ಒಮ್ಮೆ ಕೇಳಿ ನೋಡಿ.

ಇನ್ನು ಇತಿಹಾಸ. ಈ ಆಟ 1974ರಲ್ಲಿ ಮೂರು ಸಣ್ಣ ಪುಸ್ತಿಕೆಗಳಾಗಿ ಬಂತು, ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಅದರ ಬೇರು ಇರುವುದು ಸೀಸದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ ಆಡುವ ಯುದ್ಧದಾಟದಲ್ಲಿ. 1971ರ ‘ಚೈನ್‌ಮೇಲ್’ ಎಂಬ ಆ ಆಟದಲ್ಲಿ ಡ್ವಾರ್ಫ್ ಎಂದರೆ ಒಂದು ದಳ, ಚೂಪುಕಿವಿಯ ಕಾಡುಜೀವ ಎಲ್ಫ್ ಎಂದರೆ ಇನ್ನೊಂದು ದಳ. ದಳಕ್ಕೆ ಇಂತಿಷ್ಟು ಬಲ ಎಂದು ಬರೆದರೆ ಮುಗಿಯಿತು, ದಳಕ್ಕೆ ಓದುವ ಆಸೆ ಇರುವುದಿಲ್ಲ. ಆ ದಳದಿಂದ ಒಬ್ಬನನ್ನು ಕಿತ್ತು ತಂದು ‘ಇವನು ನಿನ್ನ ಪಾತ್ರ’ ಎಂದು ಆಟಗಾರನ ಕೈಗೆ ಕೊಟ್ಟಾಗ ಹಳೆಯ ಅಭ್ಯಾಸವೂ ಜೊತೆಗೆ ಬಂತು. 1974ರಲ್ಲಿ ಡ್ವಾರ್ಫ್ ಹೋರಾಟಗಾರ ಮಾತ್ರ ಆಗಬಹುದಿತ್ತು, ಅದೂ ಆರನೆಯ ಲೆವೆಲ್‌ವರೆಗೆ. ಹಾಫ್ಲಿಂಗ್‌ಗೆ ನಾಲ್ಕೇ ಲೆವೆಲ್. ಮನುಷ್ಯನಿಗೆ ಮೇಲ್ಮಿತಿಯೇ ಇಲ್ಲ. 1978ರ ಅಡ್ವಾನ್ಸ್‌ಡ್ ಆವೃತ್ತಿಗೆ ಬರುವಷ್ಟರಲ್ಲಿ ಇದು ಪುಟ ತುಂಬುವ ಕೋಷ್ಟಕವಾಯಿತು: ಯಾವ ಜೀವ, ಯಾವ ಕಸುಬು, ಎಷ್ಟನೆಯ ಲೆವೆಲ್‌ವರೆಗೆ. ಧರ್ಮಯೋಧ ಪ್ಯಾಲಡಿನ್ ಆಗುವ ಭಾಗ್ಯ ಮನುಷ್ಯನಿಗೆ ಮಾತ್ರ. ನಿಮ್ಮ ಕೈಯಲ್ಲಿರುವ 1981ರ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಜೀವವನ್ನೂ ಕಸುಬನ್ನೂ ಒಂದೇ ಮಾಡಿಬಿಟ್ಟಿತು. ಅಲ್ಲಿ ಡ್ವಾರ್ಫ್ ಎಂಬುದೇ ಕಸುಬು.

ಲೆವೆಲ್‌ಗೆ ಮಿತಿ ಹಾಕಿದ್ದರ ಹಿಂದಿನ ಉದ್ದೇಶ ಕೆಟ್ಟದ್ದೇನಲ್ಲ. ಎಲ್ಫ್‌ಗೆ ಕತ್ತಲಲ್ಲಿ 60 ಅಡಿ ಕಣ್ಣು ಕಾಣುತ್ತದೆ, ಕತ್ತಿಯೂ ಬರುತ್ತದೆ, ಮಂತ್ರವೂ ಬರುತ್ತದೆ. ಹಾಫ್ಲಿಂಗ್ ಕಾಡಿನಲ್ಲಿ ಅಡಗಿದರೆ ನೂರಕ್ಕೆ ತೊಂಬತ್ತು ಸಲ ಕಣ್ಣಿಗೆ ಬೀಳುವುದಿಲ್ಲ. ಮನುಷ್ಯನಿಗೆ ಇಂಥದ್ದು ಏನೂ ಇಲ್ಲ. ಹಾಗಾದರೆ ಮನುಷ್ಯನನ್ನು ಆರಿಸಿಕೊಳ್ಳುವವರು ಯಾರು? ಗೈಗ್ಯಾಕ್ಸ್ ಅವರಿಗೆ ಮನುಷ್ಯರೇ ನಡುವೆ ನಿಂತ ಲೋಕ ಬೇಕಿತ್ತು. ಅದಕ್ಕೇ ಮನುಷ್ಯನಿಗೆ ಕೊನೆಯಿಲ್ಲದ ಏಣಿ ಕೊಟ್ಟು, ಉಳಿದವರ ಏಣಿಯನ್ನು ಮಧ್ಯಕ್ಕೆ ಕತ್ತರಿಸಿದರು.

ತಕ್ಕಡಿ ಕೆಟ್ಟಿದ್ದು ಅಲ್ಲೇ. ಲಾಭ ಮೊದಲ ದಿನವೇ ಕೈಗೆ ಬರುತ್ತದೆ, ಅದರ ಬೆಲೆ ಕಟ್ಟುವುದು ಎರಡು ಮೂರು ವರ್ಷಗಳ ನಂತರ. ಹೆಚ್ಚಿನ ಮೇಜುಗಳಲ್ಲಿ ಆ ದಿನ ಬರುವುದೇ ಇಲ್ಲ. ಪರೀಕ್ಷೆ ಬರುತ್ತದೆ, ಒಬ್ಬನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಇನ್ನೊಬ್ಬಳಿಗೆ ಮದುವೆಯಾಗುತ್ತದೆ, ಆಟ ನಿಲ್ಲುತ್ತದೆ. ಅಂಥ ಮೇಜಿನಲ್ಲಿ ಎಲ್ಫ್ ಆದವನು ಸಾಲ ತೀರಿಸದೆ ಊರು ಬಿಟ್ಟವನಂತೆ. ಆಟ ನಿಲ್ಲದೆ ಉಳಿದ ನಿಮ್ಮಂಥವರ ಮೇಜಿನಲ್ಲಿ ಇದಕ್ಕಿಂತ ಘೋರ. ಪ್ರತಿ ಭಾನುವಾರ ತಪ್ಪದೆ ಬಂದ ಆ ಗೆಳೆಯನಿಗೆ ಅವನ ನಿಷ್ಠೆಗೇ ದಂಡ ಬೀಳುತ್ತದೆ. ಪಕ್ಕದವರು ಮೇಲೇರುತ್ತಾರೆ, ಇವನು ಅವರ ಚೀಲ ಹೊರುತ್ತ ಹಿಂದೆ ನಡೆಯಬೇಕು. ಮೂರು ವಾರದಿಂದ ಬಂದಿಲ್ಲವೆಂದು ಬರೆದಿದ್ದೀರಿ. ನಾನಾಗಿದ್ದರೂ ಬರುತ್ತಿರಲಿಲ್ಲ.

ವಿಚಿತ್ರವೆಂದರೆ, ಸರಿಯಾದ ತಕ್ಕಡಿ ನಿಮ್ಮ ಪುಸ್ತಕದಲ್ಲೇ ಇದೆ. ಎರಡನೆಯ ಲೆವೆಲ್‌ಗೆ ಏರಲು ಬೇಕಾದ ಅನುಭವದ ಅಂಕಗಳನ್ನು ನೋಡಿ. ಹೋರಾಟಗಾರನಿಗೆ 2,000. ಮಂತ್ರವಾದಿಗೆ 2,500. ಎರಡನ್ನೂ ಬಲ್ಲ ಎಲ್ಫ್‌ಗೆ 4,000. ಅಂದರೆ ಎಲ್ಫ್ ತನ್ನ ಹೆಚ್ಚುಗಾರಿಕೆಯ ಬೆಲೆಯನ್ನು ಪ್ರತಿ ವಾರ ಕಂತಿನಲ್ಲಿ ಕಟ್ಟುತ್ತಾನೆ, ಎಲ್ಲರ ಕಣ್ಣೆದುರಿಗೆ. ಇದು ನ್ಯಾಯ. ಇಷ್ಟು ಮಾಡಿದ ಮೇಲೂ ಎಲ್ಫ್‌ಗೆ 10, ಡ್ವಾರ್ಫ್‌ಗೆ 12, ಹಾಫ್ಲಿಂಗ್‌ಗೆ 8 ಎಂದು ಗೋಡೆ ಕಟ್ಟಿದ್ದು ಒಂದೇ ಸರಕಿಗೆ ಎರಡು ಸಲ ಸುಂಕ ವಸೂಲು ಮಾಡಿದಂತೆ. ಆ ಗೋಡೆ ನಿಲ್ಲುವುದಿಲ್ಲವೆಂದು ಪ್ರಕಾಶಕರಿಗೂ ಗೊತ್ತಾಗಿತ್ತು. 1984ರ ಕಂಪ್ಯಾನಿಯನ್ ಎಂಬ ಪೂರಕ ನಿಯಮಗಳ ಪೆಟ್ಟಿಗೆಯಲ್ಲಿ, ಗೋಡೆಗೆ ಬಂದು ನಿಂತ ಈ ಜೀವಗಳಿಗೆ ಲೆವೆಲ್ ಎನ್ನದೆ ಬೇರೆ ಹೆಸರಿಟ್ಟು ಯುದ್ಧದ ದರ್ಜೆಗಳನ್ನು ಕೊಟ್ಟರು. ಹಿಂದಿನ ಬಾಗಿಲು ತೆರೆದರು, ಮುಂದಿನ ಬಾಗಿಲಿನ ಬೀಗ ಮಾತ್ರ ಹಾಗೇ ಇತ್ತು.

ಡ್ವಾರ್ಫ್‌ಗೆ ಮಂತ್ರವಿಲ್ಲ ಎಂಬ ನಿಯಮ ಬೇರೆ ತರಹದ್ದು. ಇದರ ಬಗ್ಗೆ ನಿಮ್ಮ ಹಿರಿಯ ಗೆಳೆಯರ ಪರವಾಗಿ ಮಾತಾಡುವುದು ನನಗೆ ಕಷ್ಟವೇನಲ್ಲ. ನಿಮ್ಮ ಪುಸ್ತಕದಲ್ಲಿ ಮಂತ್ರದ ಏಟಿನಿಂದ ಪಾರಾಗಲು ಇಪ್ಪತ್ತು ಮುಖದ ದಾಳದಲ್ಲಿ ಹೊಸ ಹೋರಾಟಗಾರನಿಗೆ 16 ಅಥವಾ ಹೆಚ್ಚು ಬೀಳಬೇಕು. ಡ್ವಾರ್ಫ್‌ಗೆ 12 ಬಿದ್ದರೆ ಸಾಕು. ಮನುಷ್ಯನಿಗೆ ಇಪ್ಪತ್ತರಲ್ಲಿ ಐದು ಅವಕಾಶ, ಡ್ವಾರ್ಫ್‌ಗೆ ಒಂಬತ್ತು. ಅವನ ಮೈ ಕಲ್ಲಿನಂಥದ್ದು, ಮಂತ್ರ ಅದಕ್ಕೆ ಹತ್ತುವುದಿಲ್ಲ. ಹತ್ತದ ಮೈಯಿಂದ ಮಂತ್ರ ಹೊರಡುವುದೂ ಇಲ್ಲ. 1989ರ ಎರಡನೆಯ ಆವೃತ್ತಿಯಲ್ಲಂತೂ ಡ್ವಾರ್ಫ್ ಮುಟ್ಟಿದ ಮಾಂತ್ರಿಕ ವಸ್ತುಗಳಲ್ಲಿ ಹಲವು ನೂರಕ್ಕೆ ಇಪ್ಪತ್ತು ಸಲ ಕೈಕೊಡುತ್ತಿದ್ದವು. ಇಲ್ಲಿ ಕೊಟ್ಟ ವರಕ್ಕೂ ಕಿತ್ತುಕೊಂಡದ್ದಕ್ಕೂ ಕಾರಣ ಒಂದೇ. ಇಂಥ ನಿಯಮ ಒಂದು ಲೋಕವನ್ನು ಕಟ್ಟುತ್ತದೆ. ಅದನ್ನು ಸುಮ್ಮನೆ ಕಿತ್ತುಹಾಕಿದರೆ ಡ್ವಾರ್ಫ್ ಎಂದರೆ ಗಡ್ಡ ಅಂಟಿಸಿಕೊಂಡ ಕುಳ್ಳ ಮನುಷ್ಯ, ಅಷ್ಟೇ.

ನಿರ್ಬಂಧ ಅಳೆಯಲು ನನ್ನ ಬಳಿ ಇರುವ ಕೋಲು ಇದೊಂದೇ: ಈ ‘ಇಲ್ಲ’ ಲೋಕದ ಬಗ್ಗೆ ಏನಾದರೂ ಹೇಳುತ್ತದೆಯೇ, ಅಥವಾ ಬರೆದವನ ಬಗ್ಗೆ ಹೇಳುತ್ತದೆಯೇ? 1978ರ ಪುಸ್ತಕದಲ್ಲಿ ಹೆಣ್ಣು ಪಾತ್ರಗಳ ದೇಹಬಲಕ್ಕೆ ಗಂಡಿಗಿಂತ ಕಡಿಮೆ ಮಿತಿ ಇತ್ತು. ಬೆಂಕಿಯುಗುಳುವ ಡ್ರ್ಯಾಗನ್ ಹಾರಾಡುವ ಲೋಕದಲ್ಲಿ ಹೆಣ್ಣಿನ ರಟ್ಟೆಯ ಬಗ್ಗೆ ಮಾತ್ರ ‘ವಾಸ್ತವ’ ಬೇಕಿತ್ತು ಅವರಿಗೆ. ಅದು ಯಾವ ಲೋಕವನ್ನೂ ಕಟ್ಟಲಿಲ್ಲ. 1989ರಲ್ಲಿ ತೆಗೆದುಹಾಕಿದರು, ಅದಕ್ಕಾಗಿ ಅತ್ತವರನ್ನು ನಾನು ಕಂಡಿಲ್ಲ.

ಕಸುಬಿನ ನಿರ್ಬಂಧಗಳ ಮಾತು ಇನ್ನೂ ಬೇರೆ. ಪುರೋಹಿತ ಹರಿತವಾದ ಆಯುಧ ಹಿಡಿಯುವಂತಿಲ್ಲ, ಮಂತ್ರವಾದಿ ಕವಚ ತೊಡುವಂತಿಲ್ಲ ಎಂಬಂಥವು. ಅಯ್ಯಪ್ಪನ ಮಾಲೆ ಹಾಕಿದವರು 41 ದಿನ ಚಪ್ಪಲಿ ಮೆಟ್ಟುವುದಿಲ್ಲ, ನೆಲದ ಮೇಲೆ ಮಲಗುತ್ತಾರೆ. ಅವರನ್ನು ಯಾರಾದರೂ ‘ಅಯ್ಯೋ ಪಾಪ’ ಎನ್ನುತ್ತಾರೆಯೇ? ತಾವಾಗಿ ಹಾಕಿಕೊಂಡ ಮಾಲೆ ಅದು. ಆಟಗಾರ ಕಣ್ಣುಬಿಟ್ಟು ಒಪ್ಪಿಕೊಂಡ ವ್ರತವನ್ನು ಸಡಿಲಿಸಬೇಡಿ, ಅದನ್ನು ಪಾಲಿಸಲು ಒದ್ದಾಡುವುದರಲ್ಲೇ ಅರ್ಧ ಆಟವಿದೆ. ಹುಟ್ಟಿನ ನಿರ್ಬಂಧವನ್ನು ಮಾತ್ರ ನೂರು ಸಲ ಪ್ರಶ್ನಿಸಿ.

ಮುಂದೆ ಏನಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. 2000ದ ಮೂರನೆಯ ಆವೃತ್ತಿಯಲ್ಲಿ ಈ ಗೋಡೆಗಳನ್ನೆಲ್ಲ ಕೆಡವಿದರು. ಉಳಿದವರ ಏಣಿ ಕತ್ತರಿಸುವ ಬದಲು ಮನುಷ್ಯನಿಗೇ ಮೊದಲ ದಿನ ಒಂದು ವಿಶೇಷ ಸಾಮರ್ಥ್ಯ, ನಾಲ್ಕು ಹೆಚ್ಚುವರಿ ಕೌಶಲದ ಅಂಕ ಕೊಟ್ಟರು. ಇಪ್ಪತ್ತಾರು ವರ್ಷ ಯಾಕೆ ಹೊಳೆಯಲಿಲ್ಲವೋ ಎನ್ನಿಸುವಷ್ಟು ಸರಳ ಉಪಾಯ. ಆಮೇಲೆ ನಿರ್ಬಂಧ ಸತ್ತಿತೇ? ಇಲ್ಲ, ವೇಷ ಬದಲಿಸಿತು. 2014ರ ಆವೃತ್ತಿಯಲ್ಲಿ ಅರ್ಧ ಮನುಷ್ಯ, ಅರ್ಧ ರಾಕ್ಷಸನಂಥ ಹಾಫ್ ಆರ್ಕ್‌ಗೆ ದೇಹಬಲದಲ್ಲಿ ಎರಡು ಅಂಕ ಹೆಚ್ಚು, ಬುದ್ಧಿಯಲ್ಲಿ ಏನೂ ಇಲ್ಲ. ಮಂತ್ರವಾದಿಯಾಗಬೇಡ ಎಂದು ಯಾರೂ ಹೇಳಲಿಲ್ಲ, ಆದರೆ ಲೆಕ್ಕ ಬಲ್ಲವರಾರೂ ಆಗಲಿಲ್ಲ. 2020ರಲ್ಲಿ ಆ ಅಂಕಗಳನ್ನು ಬೇಕಾದ ಕಡೆ ಹಾಕಿಕೊಳ್ಳಿ ಎಂದರು, 2024ರಲ್ಲಿ ಅವನ್ನು ಹುಟ್ಟಿನಿಂದ ಬಿಡಿಸಿ ಪಾತ್ರ ಬೆಳೆದು ಬಂದ ಹಿನ್ನೆಲೆಗೆ ಕಟ್ಟಿದರು. ಒಂದು ತಮಾಷೆ ಕೇಳಿ: 2014ರ ನಿಯಮದಲ್ಲಿ ಬೆಟ್ಟದ ಡ್ವಾರ್ಫ್‌ಗೆ ಕವಚ ತೊಡುವ ಅಭ್ಯಾಸ ಹುಟ್ಟಿನಿಂದಲೇ ಬರುತ್ತಿತ್ತು. ಅವನನ್ನೇ ಮಂತ್ರವಾದಿ ಮಾಡಿದರೆ, ಬೇರೆ ಮಂತ್ರವಾದಿಗಳು ಬರಿಯ ನಿಲುವಂಗಿಯಲ್ಲಿ ನಡುಗುತ್ತಿದ್ದಾಗ ಇವನು ಕಬ್ಬಿಣ ತೊಟ್ಟು ನಿಲ್ಲುತ್ತಿದ್ದ. 1974ರಲ್ಲಿ ಶಾಲೆಯ ಹೊರಗೆ ನಿಂತವನು ನಲವತ್ತು ವರ್ಷಕ್ಕೆ ತರಗತಿಯ ಜಾಣರ ಸಾಲಿನಲ್ಲಿ ಕೂತ.

ಹಿರಿಯ ಗೆಳೆಯರನ್ನು ಒಪ್ಪಿಸಲು ಅಮೆರಿಕದ ಈ ಕಥೆ ಸಾಲದಿದ್ದರೆ ನಿಮ್ಮ ಊರಿನದನ್ನೇ ಹೇಳಿ. ಗಂಗಾವತಿಯಿಂದ ಅಂಜನಾದ್ರಿ ಎಷ್ಟು ದೂರ? ಆ ಬೆಟ್ಟದಲ್ಲಿ ಹುಟ್ಟಿದ ಕಪಿಯನ್ನು ನಾವು ನವವ್ಯಾಕರಣ ಪಂಡಿತ ಎನ್ನುತ್ತೇವೆ. ಅವನ ಮೊದಲ ಮಾತು ಕೇಳಿ ರಾಮನೇ ಬೆರಗಾದ ಎಂದು ರಾಮಾಯಣದಲ್ಲಿದೆ. ಕಪಿಗಳೆಲ್ಲರೂ ವ್ಯಾಕರಣ ಓದಿದ್ದರೆ ರಾಮ ಬೆರಗಾಗುತ್ತಿರಲಿಲ್ಲ. ನಿಯಮ ಉಳಿದುಕೊಂಡೇ ಒಬ್ಬನು ಅದನ್ನು ದಾಟಿದರೆ ಕಥೆ ಹುಟ್ಟುತ್ತದೆ. (ಆನೆಗೊಂದಿಯನ್ನು ಬಗಲಲ್ಲಿಟ್ಟುಕೊಂಡು ನಿಮ್ಮ ಮೇಜಿನಲ್ಲಿ ಯಾರೂ ಇನ್ನೂ ವಾನರ ಪಾತ್ರ ಕೇಳಿಲ್ಲವೇ? ಕೇಳುತ್ತಾರೆ, ಸಿದ್ಧರಾಗಿರಿ.)

ಹೊಳೆ ದಾಟಿದರೆ ಹಂಪಿ. ಈಗ ಅದು ವಿಜಯನಗರ ಜಿಲ್ಲೆ, ನನ್ನ ಬಾಯಲ್ಲಿ ಮಾತ್ರ ಇನ್ನೂ ಬಳ್ಳಾರಿಯೇ. ಬಹಮನಿಗಳ ಎದುರು ಮತ್ತೆ ಮತ್ತೆ ಸೋತ ಎರಡನೆಯ ದೇವರಾಯ ಸೋಲಿಗೆ ಕಾರಣ ಹುಡುಕಿದಾಗ ಸಿಕ್ಕಿದ್ದು ಎರಡು: ಅವರ ಕುದುರೆ, ಅವರ ಬಿಲ್ಲುಗಾರರು. ಅವನು ಮುಸ್ಲಿಂ ಬಿಲ್ಲುಗಾರರನ್ನು ಸೈನ್ಯಕ್ಕೆ ಸೇರಿಸಿಕೊಂಡ, ಅವರು ವಂದಿಸಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದ, ತನ್ನ ಸೈನಿಕರಿಗೆ ಅವರಿಂದ ಬಿಲ್ವಿದ್ಯೆ ಹೇಳಿಸಿದ ಎಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಅವನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ನಿಂತಿದೆ, ನೋಡಲು ಥೇಟ್ ಮಂಟಪದಂತೆ. ‘ಈ ವಿದ್ಯೆ ಅವರದ್ದು, ನಮ್ಮದಲ್ಲ’ ಎಂಬ ಗೆರೆಯನ್ನು ಅರಸನೊಬ್ಬ ಅಳಿಸಿದ್ದು ಸೋಲು ಕಲಿಸಿದ ಪಾಠದಿಂದ. ನಿಮ್ಮ ಡ್ವಾರ್ಫ್‌ಗಳ ರಾಜ್ಯದಲ್ಲಿ ಅಂಥ ಸೋಲು ಯಾವುದು? ಮಂತ್ರ ಕಲಿತ ಮೊದಲ ಡ್ವಾರ್ಫ್ ನಿಮ್ಮ ತಂಗಿಯೇ ಆದರೆ ಅವಳ ಮನೆಯವರು ಏನೆಂದಾರು? ಆರು ತಿಂಗಳ ಕಥೆ ಇಲ್ಲೇ ಇದೆ.

ಈಗ ಬೆಲೆಯ ಮಾತು. ಡ್ವಾರ್ಫ್ ಎರಡನೆಯ ಲೆವೆಲ್‌ಗೆ 2,200 ಅಂಕ ಕಟ್ಟುತ್ತಾನೆ, ಅಂದರೆ ಹೋರಾಟಗಾರನಿಗಿಂತ 200 ಹೆಚ್ಚು. ಕತ್ತಲಿನ ಕಣ್ಣು, ಕಲ್ಲಿನ ಜ್ಞಾನ, ಗಟ್ಟಿ ಮೈ ಇವಿಷ್ಟರ ಬೆಲೆ ಆ 200. ಅದನ್ನೇ ಮಂತ್ರವಾದಿಯ 2,500ಕ್ಕೆ ಕೂಡಿಸಿ. ನಿಮ್ಮ ತಂಗಿ 2,700 ಕಟ್ಟಲಿ, ಮುಂದಿನ ಲೆವೆಲ್‌ಗೆ 5,400, ಅದರ ಮುಂದಿನದಕ್ಕೆ 10,800. ಎಷ್ಟು ಏಟು ತಡೆದುಕೊಳ್ಳಬಲ್ಲಳು ಎಂಬ ಅಂಕಕ್ಕೆ ಮಂತ್ರವಾದಿಯ ನಾಲ್ಕು ಮುಖದ ದಾಳ, ಆಯುಧವೆಂದರೆ ಚೂರಿ ಮಾತ್ರ. ವಿಷದ ಎದುರು ಡ್ವಾರ್ಫ್‌ನ ಗಟ್ಟಿತನ ಉಳಿಯಲಿ. ಆದರೆ ಮಂತ್ರದ ಏಟಿಗೆ ಇನ್ನು 12 ಸಾಲದು, ಮಂತ್ರವಾದಿಯಂತೆ 15 ಬೀಳಬೇಕು. ಮಂತ್ರ ಹೊರಡಲೆಂದು ಮೈಯಲ್ಲಿ ತೆರೆದ ಬಾಗಿಲಿನಿಂದ ಬೇರೆಯವರ ಮಂತ್ರ ಒಳಗೂ ಬರುತ್ತದೆ. ಇದನ್ನು ಕೇಳಿದ ಮೇಲೆ ಹಿರಿಯ ಗೆಳೆಯರ ಮುಖ ಸ್ವಲ್ಪ ಸಡಿಲಾಗಬಹುದು.

ಅವಳ ಮಂತ್ರ ಎಲ್ಫ್‌ನ ಮಂತ್ರದಂತೆ ಇರಬಾರದು ಎಂಬುದು ನನ್ನ ಹಟ. ಇದು ನನಗೆ ಹೊಳೆದದ್ದು ಹಟ್ಟಿಯವರೊಬ್ಬರಿಂದ. ನಮ್ಮ ಮೇಜಿನ ಹುಡುಗನೊಬ್ಬನ ತಂದೆ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ನೆಲದಡಿ ಕೆಲಸ ಮಾಡಿ ನಿವೃತ್ತರಾದವರು. ಒಂದು ಭಾನುವಾರ ಮಗನನ್ನು ಕರೆದೊಯ್ಯಲು ಬಂದವರು ಕುತೂಹಲಕ್ಕೆ ಕೂತರು. ಆಟದಲ್ಲಿ ಡ್ವಾರ್ಫ್ ಸುರಂಗದ ಚಾವಣಿ ಪರೀಕ್ಷಿಸುತ್ತಿದ್ದ. ನಾನು ದಾಳ ಉರುಳಿಸಿ, ಒಂದೋ ಎರಡೋ ಬಿದ್ದರೆ ಗೊತ್ತಾಗುತ್ತದೆ ಎಂದೆ. ಅವರು ಸುಮ್ಮನಿರಲಾರದೆ ಮೇಜಿನ ಮೇಲಿದ್ದ ಸ್ಟೀಲ್ ಚಮಚ ತೆಗೆದುಕೊಂಡು ಗೋಡೆಯ ಮೇಲೆ ಟಣ್ ಎಂದು ಬಡಿದರು. “ಒಳಗೆ ಹೋದ ತಕ್ಷಣ ಹಾರೆಯಿಂದ ಹೀಗೆ ಬಡಿಯುತ್ತೇವೆ. ಗಟ್ಟಿ ಕಲ್ಲು ಗಂಟೆಯಂತೆ ನುಡಿಯುತ್ತದೆ. ಸಡಿಲಾದದ್ದು ಟೊಳ್ಳು ಟೊಳ್ಳಾಗಿ ಡಬ್ ಎನ್ನುತ್ತದೆ, ಅದನ್ನು ಮೊದಲು ಕೆಡವಬೇಕು” ಎಂದರು. ಸಿಮೆಂಟ್ ಪ್ಯಾಚ್ ಹಾಕಿದ್ದ ಕಡೆಗೆ ಚಮಚ ಸರಿಸಿದರು. ಡಬ್.

ಹಾಗಾಗಿ ನಿಮ್ಮ ತಂಗಿಯ ಮಂತ್ರ ಕಲ್ಲಿನ ನಾದದಿಂದ ಹೊರಡಲಿ. ಅವಳ ಮಂತ್ರದ ಪುಸ್ತಕ ಕಾಗದದ್ದಾಗದಿರಲಿ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನು ಎರಡು ಸಾವಿರ ವರ್ಷಕ್ಕೂ ಮೀರಿ ಕಾದಿಟ್ಟದ್ದು ಬಂಡೆಯೇ ತಾನೆ? ಒಂದು ಮಂತ್ರಕ್ಕೆ ಒಂದು ಕಲ್ಲುಹಲಗೆ, ತೂಕ 60 ನಾಣ್ಯ. ನಿಮ್ಮ ನಿಯಮದಲ್ಲಿ ಹತ್ತು ನಾಣ್ಯಕ್ಕೆ ಒಂದು ಪೌಂಡ್, 400 ನಾಣ್ಯ ದಾಟಿದರೆ ನಡಿಗೆ ನಿಧಾನವಾಗುತ್ತದೆ. ಏಳನೆಯ ಹಲಗೆ ಎತ್ತಿಕೊಂಡ ದಿನ ಅವಳು ಉಳಿದವರ ಹಿಂದೆ ಬೀಳುತ್ತಾಳೆ, ಇಲ್ಲವೇ ಹೊರಲು ಯಾರನ್ನಾದರೂ ಕೇಳಬೇಕು. ಹಲಗೆ ಒಡೆದರೆ ಮಂತ್ರ ಹೋಯಿತು. ಮಳೆಯಲ್ಲಿ ಎಲ್ಫ್‌ನ ಪುಸ್ತಕ ನೆನೆದು ಮುದ್ದೆಯಾದಾಗ ಮಾತ್ರ ಅವಳು ನಗಬಹುದು.

ಹಾಫ್ಲಿಂಗ್‌ನದು ಸುಲಭ. ಎಂಟನೆಯ ಲೆವೆಲ್‌ವರೆಗೆ ಅದರ ಅಂಕಗಳು ಹೋರಾಟಗಾರನ ಅಂಕಗಳೇ, ಎಂಟಕ್ಕೆ ಇಬ್ಬರಿಗೂ 1,20,000. ಒಂಬತ್ತಕ್ಕೆ ಹೋರಾಟಗಾರನಂತೆಯೇ 2,40,000 ಇರಲಿ. ಅಲ್ಲಿಂದ ಮುಂದೆ ಮನುಷ್ಯ ಪ್ರತಿ ಲೆವೆಲ್‌ಗೆ 1,20,000 ಕಟ್ಟಿದರೆ ಹಾಫ್ಲಿಂಗ್ 1,50,000 ಕಟ್ಟಲಿ, ಅಡಗುವ ವಿದ್ಯೆಯ ಬಾಡಿಗೆ ಎಂದುಕೊಳ್ಳಿ. ಈ ಲೆಕ್ಕವನ್ನು ಮೊಬೈಲಿನಲ್ಲಿ ಕಳಿಸಬೇಡಿ. ಸಂಜೆ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಆ ಗೆಳೆಯನ ಮನೆಗೇ ಹೋಗಿ, ಹಾಳೆಯ ಮೇಲೆ ನೀವೇ ನಿಮ್ಮ ಕೈಯಿಂದ ಎಂಟನ್ನು ಹೊಡೆದು ಹಾಕಿ, ಪೆನ್ನು ಅವನಿಗೆ ಕೊಡಿ. ತಂಗಿಯ ಕಲ್ಲುಹಲಗೆಗಳನ್ನು ಹೊರಲು ಒಬ್ಬರು ಬೇಕಾಗಿದ್ದಾರೆ ಎಂದೂ ಹೇಳಿ ನೋಡಿ. ಅವನು ಒಪ್ಪಲಿಕ್ಕಿಲ್ಲ, ಆದರೆ ಬಾಡಿಗೆ ಎಷ್ಟು ಎಂದು ಕೇಳಿಯೇ ಕೇಳುತ್ತಾನೆ.